ಅಮ್ಮನದು ನೀರು, ನನ್ನದು ಕೊಬ್ಬು

ನಮ್ಮ ಮನೆಯ ಬಚ್ಚಲ ಬಾಗಿಲ ಪಕ್ಕ ಒಂದು ತೂಕದ ಮೆಷಿನ್ ಇದೆ. ದಿನಾ ಬೆಳಿಗ್ಗೆ ಕಾಫಿಗೆ ಮುಂಚೆ ಮೊದಲು ಅಮ್ಮ ಹತ್ತುತ್ತಾಳೆ, ಆಮೇಲೆ ನಾನು. ನನ್ನ ಹೆಂಡತಿ ಇಬ್ಬರ ತೂಕವನ್ನೂ ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆಯುತ್ತಾಳೆ, ಸಂಕಷ್ಟಿ, ಏಕಾದಶಿ, ಸಿಲಿಂಡರ್ ಬಂದ ದಿನ, ಹಾಲು ಬೇಡ ಅಂದ ದಿನ, ಇವೆಲ್ಲದರ ಸಂದಿಯಲ್ಲಿ ಚಿಕ್ಕದಾಗಿ. ಅಮ್ಮನಿಗೆ 79, ನನಗೆ 54. ಇಬ್ಬರೂ ಹಾರ್ಟಿನ ಮಾತ್ರೆ ನುಂಗುವವರೇ. ಆದರೆ ಆ ಮೆಷಿನ್ ಅಮ್ಮನಿಗೆ ಹೇಳುವುದೇ ಬೇರೆ, ನನಗೆ ಹೇಳುವುದೇ ಬೇರೆ. ಇದು ತಲೆಗೆ ಹೋಗಲು ನನಗೆ ಒಂದು ವರ್ಷ ಬೇಕಾಯಿತು.

2023ರ ಫೆಬ್ರವರಿಯಲ್ಲಿ ನನ್ನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಆ ಕತೆ ಬೇಡ ಬಿಡಿ, ಎಲ್ಲರದೂ ಒಂದೇ ತರ ಇರುತ್ತೆ: ಮದುವೆ ಊಟ, ಗ್ಯಾಸ್ ಅಂತ ಈನೋ ಕುಡಿದದ್ದು, ಆಮೇಲೆ ಆಟೋ. ಡಿಸ್ಚಾರ್ಜ್ ದಿನ ಕೈಗೆ ಕೊಟ್ಟ ಚೀಟಿಯಲ್ಲಿ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಅಟೋರ್ವಾಸ್ಟಾಟಿನ್, ಮೆಟೊಪ್ರೊಲಾಲ್, ಟೆಲ್ಮಿಸಾರ್ಟನ್. ಕೊನೆಯ ಸಾಲಿನಲ್ಲಿ ಮಾತ್ರೆ ಅಲ್ಲದ್ದು ಒಂದಿತ್ತು: ತೂಕ ಕಮ್ಮಿ ಮಾಡಿ, 8ರಿಂದ 10 ಕಿಲೋ. ನಾನು ಆಗ 86 ಕಿಲೋ, ಎತ್ತರ ಐದಡಿ ಆರಿಂಚು, ಸೊಂಟ 102 ಸೆಂಟಿಮೀಟರ್. ನಮ್ಮ ಜನಕ್ಕೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ದಾಟಿದರೆ ಅಪಾಯ ಅಂತ ಲೆಕ್ಕ. ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ, ಅದು ಕೂಡ ಬಿಳಿಯರಿಗೆ 30 ಆದರೆ ಬೊಜ್ಜು ಅಂತಾರಲ್ಲ, ನಮಗೆ 25ಕ್ಕೇ ಅಂತಾರೆ. ತೆಳ್ಳಗೆ ಕಾಣುವವರ ಹೊಟ್ಟೆಯೊಳಗೂ ಕೊಬ್ಬು ಕೂತಿರುತ್ತೆ ಅನ್ನೋದೇ ಕಾರಣ. ನಾನಂತೂ ತೆಳ್ಳಗೆ ಕಾಣುತ್ತಲೂ ಇರಲಿಲ್ಲ.

ಹೆದರಿಕೆ ಇತ್ತಲ್ಲ, ಬಾಯಿ ಕಟ್ಟಿದೆ. ಎರಡು ಹೊತ್ತಿನ ಅನ್ನ ಒಂದು ಹೊತ್ತಾಯಿತು, ಸಂಜೆ ಬೋಂಡ ನಿಂತಿತು, ಕಾಫಿಗೆ ಸಕ್ಕರೆ ಹೋಯಿತು. ಮೂರು ತಿಂಗಳು ಬಿಟ್ಟು ಮೆಷಿನ್ ಹತ್ತಿದರೆ 88! ನಾನು ಮೆಷಿನ್ ಕೆಟ್ಟಿದೆ ಅಂತ ಅಕ್ಕಿ ಚೀಲ ಇಟ್ಟು ನೋಡಿದೆ. 25 ಕಿಲೋ, ಸರಿಯಾಗಿತ್ತು.

ಮೆಟೊಪ್ರೊಲಾಲ್, ಅಟೆನೊಲಾಲ್ ಇವಕ್ಕೆ ಬೀಟಾ ಬ್ಲಾಕರ್ ಅಂತಾರೆ. ಅಡ್ರಿನಲಿನ್ ಬಂದು ಹೃದಯದ ಬಾಗಿಲು ಬಡಿದರೂ ಇವು ಬಾಗಿಲು ತೆಗೆಯಲು ಬಿಡೋದಿಲ್ಲ. ಎದೆಬಡಿತ ನಿಧಾನ ಆಗುತ್ತೆ, ಬೀಪಿ ಇಳಿಯುತ್ತೆ, ಗಾಯ ಆದ ಹೃದಯಕ್ಕೆ ವಿಶ್ರಾಂತಿ ಸಿಗುತ್ತೆ. ಅದರ ಜೊತೆಗೇ ಮೈ ಸ್ವಲ್ಪ ಮಂದ. ಶರೀರ ಸುಡುವ ಕ್ಯಾಲೊರಿ ಒಂಚೂರು ಕಮ್ಮಿ, ಸುಸ್ತು ಅಂತ ನಾವು ಓಡಾಡುವುದೂ ಕಮ್ಮಿ. ಮೊದಲ ಕೆಲವು ತಿಂಗಳಲ್ಲಿ ಒಂದೆರಡು ಕಿಲೋ ಏರುವುದು ಮಾಮೂಲು, ಆಮೇಲೆ ಅಲ್ಲಿಗೇ ನಿಲ್ಲುತ್ತೆ ಅಂತ ಡಾಕ್ಟ್ರು ಆಮೇಲೆ ಹೇಳಿದರು. ಆಮೇಲೆ ಅಂದೆನಲ್ಲ, ಅಷ್ಟರಲ್ಲಿ ನಾನು ಒಂದು ದಡ್ಡತನ ಮಾಡಿ ಮುಗಿಸಿದ್ದೆ.

ಕೆರೆ ಏರಿಯ ಮೇಲೆ ಸಿಗುವ ಗೆಳೆಯರೊಬ್ಬರು, ಅವರಿಗೂ ಬೀಪಿ, "ಆ ಮಾತ್ರೆ ಬಿಟ್ಬಿಡಿ, ನಾನು ಬಿಟ್ಟ ಮೇಲೆ ಮೂರು ಕಿಲೋ ಇಳಿದೆ" ಅಂದರು. ಎರಡು ದಿನ ಬಿಟ್ಟೆ. ಮೂರನೇ ರಾತ್ರಿ ಮಲಗಿದರೆ ದಿಂಬಿನೊಳಗೆ ಯಾರೋ ಡೋಲು ಬಾರಿಸಿದ ಹಾಗೆ. ಬೀಪಿ ಮೆಷಿನಿನಲ್ಲಿ ಬಡಿತ 118. ಹೆಂಡತಿ "ಏನ್ರೀ ಮಾಡಿದ್ರಿ?" ಅಂದಳು, ಮಾತ್ರೆಯ ಪಟ್ಟಿ ಎಣಿಸಿದಳು, ಗೊತ್ತಾಯಿತು. ತಿಂಗಳುಗಟ್ಟಲೆ ಬಾಗಿಲು ಹಾಕಿಟ್ಟರೆ ಹೃದಯ ಇನ್ನಷ್ಟು ಬಾಗಿಲು ಮಾಡಿಕೊಂಡಿರುತ್ತಂತೆ. ಏಕಾಏಕಿ ಮಾತ್ರೆ ನಿಂತರೆ ಎಲ್ಲವೂ ಒಟ್ಟಿಗೇ ತೆರೆದುಕೊಳ್ಳುತ್ತವೆ. ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಇದರಿಂದ ಮತ್ತೆ ಎದೆನೋವು, ಹಾರ್ಟ್ ಅಟ್ಯಾಕ್ ಆದದ್ದೂ ಉಂಟು. ನಿಲ್ಲಿಸಲೇಬೇಕಿದ್ದರೆ ಡಾಕ್ಟ್ರು ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ನನ್ನನ್ನು ಅವರು ಬೈಯಲಿಲ್ಲ, ಅದೇ ಜಾಸ್ತಿ ನಾಚಿಕೆ ಆಯಿತು.

ಇನ್ನು ಮಗ ಕೊಡಿಸಿದ ವಾಚಿನ ಕತೆ. ಅದರಲ್ಲಿ ಕೊಬ್ಬು ಕರಗುವ ವಲಯ ಅಂತ ಕೇಸರಿ ಬಣ್ಣದ ಒಂದು ಪಟ್ಟಿ. 220ರಲ್ಲಿ ವಯಸ್ಸು ಕಳೆದರೆ ನನಗೆ 166 ಗರಿಷ್ಠ, ಅದರಲ್ಲಿ ಇಂತಿಷ್ಟು ಭಾಗ ಮುಟ್ಟಬೇಕು ಅನ್ನೋದು ಅದರ ಲೆಕ್ಕ. ಕುಕ್ಕರಹಳ್ಳಿ ಕೆರೆ ಸುತ್ತ ಎಷ್ಟು ಬಿರುಸಾಗಿ ನಡೆದರೂ ನನ್ನದು 104 ದಾಟುತ್ತಿರಲಿಲ್ಲ. ವಾಚು ಪ್ರಕಾರ ನಾನು ಬೆವರು ಸುರಿಸುತ್ತಾ ಸುಮ್ನೆ ನಿಂತಿದ್ದೆ. ಮುಟ್ಟಿಸಿಯೇ ತೀರಬೇಕು ಅಂತ ಒಂದು ದಿನ ಓಡಿದೆ ಕೂಡ, ಕಣ್ಣು ಕತ್ತಲೆ ಬಂದು ಕಲ್ಲುಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ನೀರು ಕೊಟ್ಟರು.

"ಬಡಿತ ಏರಬಾರದು ಅಂತಲೇ ಅಲ್ವಾ ಮಾತ್ರೆ ಕೊಟ್ಟಿರೋದು? ಆ ಲೆಕ್ಕ ನಿಮಗಲ್ಲ, ವಾಚು ಬಿಚ್ಚಿಡಿ" ಅಂದರು ಡಾಕ್ಟ್ರು. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟೇ ಅಳತೆ. ನಾನು ಒಬ್ಬನೇ ನಡೆಯುವವನು, ಯಾರ ಹತ್ತಿರ ಮಾತಾಡಲಿ? ಮಗ್ಗಿ ಹೇಳಲು ಶುರು ಮಾಡಿದೆ. ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು. ಒಂದು ಉಸಿರಿಗೆ ಎರಡು ಸಾಲು ಬಂದರೆ ನಾನು ಸೋಮಾರಿ. ಒಂದು ಸಾಲು ಬಂದು ಉಸಿರು ತೆಗೆದುಕೊಳ್ಳಬೇಕಾದರೆ ಸರಿ. "ಹದಿಮೂರ್ಮೂರ್ಲ" ಅಂತ ಹೇಳಿ ಮೂವತ್ತೊಂಬತ್ತಕ್ಕೆ ದಮ್ಮು ಸಾಲದಿದ್ದರೆ ನಿಧಾನ ಮಾಡಬೇಕು. ಮೂರನೇ ಕ್ಲಾಸಿನಲ್ಲಿ ಛಡಿ ಏಟು ತಿಂದು ಕಲಿತ ಮಗ್ಗಿ ಹೀಗೆ ಉಪಯೋಗಕ್ಕೆ ಬರುತ್ತೆ ಅಂತ ಯಾರು ಕಂಡಿದ್ದರು! ಎದುರು ಬರುವವರು ಏನೋ ಜಪ ಮಾಡುತ್ತಿದ್ದಾರೆ ಅಂದುಕೊಂಡು ಕೈ ಮುಗಿದದ್ದೂ ಇದೆ. ದಿನಕ್ಕೆ ಅರ್ಧ ಗಂಟೆಯಿಂದ ಶುರು, ಈಗ ಮುಕ್ಕಾಲು ಗಂಟೆ, ವಾರಕ್ಕೆ ಐದಾರು ದಿನ.

ಬೀಟಾ ಬ್ಲಾಕರ್ ಇನ್ನೊಂದನ್ನೂ ಮುಚ್ಚಿಡುತ್ತೆ. ನಮ್ಮ ಭಾವನಿಗೆ ಸಕ್ಕರೆ ಕಾಯಿಲೆ, ಅದಕ್ಕೂ ಮಾತ್ರೆ, ಬೀಪಿಗೆ ಇದೇ ಗುಂಪಿನ ಮಾತ್ರೆ. ಶಿವರಾತ್ರಿ ಉಪವಾಸ ಮಾಡಿದರು, ತೂಕವೂ ಇಳಿಯುತ್ತೆ ಪುಣ್ಯವೂ ಬರುತ್ತೆ ಅಂತ. ಸಕ್ಕರೆ ಇಳಿದರೆ ಸಾಮಾನ್ಯವಾಗಿ ಕೈ ನಡುಗುತ್ತೆ, ಎದೆ ಡವಡವ ಅನ್ನುತ್ತೆ. ಅವರಿಗೆ ಎರಡೂ ಇಲ್ಲ. ಬರೀ ಬೆವರು. ಅಂಗಿ ಹಿಂಡುವಷ್ಟು ಬೆವರು ಕಂಡು ಅಕ್ಕ ಗ್ಲುಕೋಮೀಟರ್ ತಂದಳು, 58. ಬೆಲ್ಲದ ನೀರು ಕುಡಿಸಿದರು. ಉಪವಾಸದ ಡಯಟ್ ಅಂತ ಈಗ ಎಲ್ಲರ ಬಾಯಲ್ಲೂ ಕೇಳುತ್ತಿದ್ದೇವಲ್ಲ, ಸಕ್ಕರೆ ಮಾತ್ರೆ, ಹಾರ್ಟಿನ ಮಾತ್ರೆ ಎರಡೂ ಇರುವವರು ಕೇಳದೇ ಮಾಡುವ ಕೆಲಸ ಅಲ್ಲ ಅದು.

ಉಪ್ಪಿಗೆ ಬರೋಣ. ನಾವು ಮೂಲತಃ ಸಿದ್ದಾಪುರದ ಕಡೆಯವರು. ಅಪ್ಪೆಮಿಡಿ ಉಪ್ಪಿನಕಾಯಿ ಇಲ್ಲದೆ ಮಜ್ಜಿಗೆ ಅನ್ನ ಗಂಟಲಲ್ಲಿ ಇಳಿಯದ ಜಾತಿ. ಭರಣಿಯ ಬಾಯಿ ಕಟ್ಟಿದ ಬಟ್ಟೆ ಬಿಚ್ಚಿದರೆ ಪಕ್ಕದ ಕೋಣೆಯಲ್ಲಿ ಕೂತವರ ಬಾಯಲ್ಲೂ ನೀರು. ದಿನಕ್ಕೆ ಒಟ್ಟು ಉಪ್ಪು 5 ಗ್ರಾಂ, ಅಂದರೆ ಒಂದು ಟೀ ಚಮಚ, ಅಷ್ಟರೊಳಗೆ ಇರಬೇಕು ಅಂತಾರೆ. ಸಾರು, ಪಲ್ಯ, ಹಪ್ಪಳ ಎಲ್ಲ ಸೇರಿ. ಹಾಗಾದರೆ ಮಿಡಿಗೆ ಜಾಗ ಎಲ್ಲಿ? ಅಂಗಡಿಯಲ್ಲಿ ಸೋಡಿಯಂ ಕಮ್ಮಿ ಇರುವ ಉಪ್ಪು ಅಂತ ಪೊಟ್ಟಣ ಕಂಡಿತು, ತಂದೆ. ಬುದ್ಧಿವಂತಿಕೆ ಅಂದುಕೊಂಡೆ. ಅದರ ಜೊತೆಗೆ ಜ್ಯೂಸ್ ಬಿಟ್ಟು ದಿನಾ ಒಂದು ಎಳನೀರು, ವಾಕಿಂಗ್ ಮುಗಿಸಿ ಬರುವಾಗ. ಆರು ವಾರದ ಮೇಲೆ ರಕ್ತ ಪರೀಕ್ಷೆಯಲ್ಲಿ ಪೊಟ್ಯಾಸಿಯಂ 5.7 ಅಂತ ದಪ್ಪ ಅಕ್ಷರದಲ್ಲಿ ಬಂತು. ಆ ಉಪ್ಪಿನಲ್ಲಿ ಒಂದಷ್ಟು ಸೋಡಿಯಂ ತೆಗೆದು ಪೊಟ್ಯಾಸಿಯಂ ಹಾಕಿರುತ್ತಾರೆ. ಎಳನೀರಿನಲ್ಲೂ ಪೊಟ್ಯಾಸಿಯಂ ಧಾರಾಳ. ಟೆಲ್ಮಿಸಾರ್ಟನ್, ರಾಮಿಪ್ರಿಲ್ ತರದ ಬೀಪಿ ಮಾತ್ರೆಗಳು ಅದನ್ನು ಮೂತ್ರದಲ್ಲಿ ಹೊರಗೆ ಹೋಗಲು ಬಿಡದೆ ಹಿಡಿದಿಡುತ್ತವೆ. ತೀರಾ ಏರಿದರೆ ಎದೆಬಡಿತದ ತಾಳವೇ ತಪ್ಪುತ್ತೆ. ಆರೋಗ್ಯಕ್ಕೆ ಅಂತ ಮಾಡಿದ ಎರಡು ಒಳ್ಳೇ ಕೆಲಸ, ಮೂರನೇ ಒಳ್ಳೇ ಮಾತ್ರೆಯ ಜೊತೆ ಸೇರಿ ನನ್ನನ್ನು ಮತ್ತೆ ಲ್ಯಾಬಿನ ಸಾಲಿನಲ್ಲಿ ನಿಲ್ಲಿಸಿದವು. ಈಗ ಮಾಮೂಲಿ ಉಪ್ಪೇ, ಕಮ್ಮಿ. ಮಿಡಿ ಭಾನುವಾರ ಮಾತ್ರ, ಅರ್ಧ. ರಸ ಇಲ್ಲ.

ಉಳಿದ ಊಟದ ವಿಷಯ ದೊಡ್ಡದೇನಲ್ಲ. ಒಂದೆಲಗ, ದಾಳಿಂಬೆ ಸಿಪ್ಪೆ, ಮೆಂತ್ಯ ಅಂತ ದಿನಕ್ಕೊಂದು ತಂಬುಳಿ, ಪಲ್ಯ ಎರಡರಷ್ಟು, ಅನ್ನ ಒಂದು ಲೋಟ ಅಳೆದು. ಅಡುಗೆ ಎಣ್ಣೆ ತಿಂಗಳಿಗೆ ನಾಲ್ಕು ಪ್ಯಾಕೆಟ್ ಬರುತ್ತಿದ್ದದ್ದು ಎರಡಾಯಿತು, ಕೆಲಸ ಮಾಡಿದ್ದು ಬಹುಶಃ ಅದೇ.

ಮಧ್ಯೆ ಫೋನಿಗೆ ಒಂದು ಜಾಹೀರಾತು ಬೆನ್ನು ಹತ್ತಿತ್ತು. ಗಾರ್ಸೀನಿಯಾ ಕ್ಯಾಪ್ಸೂಲ್, ತಿಂಗಳಿಗೆ ಐದು ಕಿಲೋ ಗ್ಯಾರಂಟಿ. ಚಿತ್ರ ನೋಡಿ ನಗು ಬಂತು: ಅದು ನಮ್ಮ ಕಾಡಿನ ಹುಳಿಹಣ್ಣು, ಉಪ್ಪಾಗೆ! ಮಳೆಗಾಲದಲ್ಲಿ ಬೆಟ್ಟಕ್ಕೆ ಹೋಗಿ ಹೆಕ್ಕಿ ತಂದು, ಸಿಪ್ಪೆ ಬಿಡಿಸಿ ಹೊಗೆ ಅಟ್ಟದ ಮೇಲೆ ಒಣಗಿಸುತ್ತಿದ್ದೆವು. ಬೀಜದಿಂದ ತುಪ್ಪ ತೆಗೆಯುತ್ತಿದ್ದರು ಅಜ್ಜಿ. ತೊಂಬತ್ತರ ದಶಕದಲ್ಲಿ ಫಾರಿನ್ನಿನವರು ತೆಳ್ಳಗಾಗಲು ತಿಂತಾರಂತೆ ಅಂತ ಸುದ್ದಿ ಬಂದು ಸಿಪ್ಪೆಯ ರೇಟು ಏರಿದಾಗ ಜನ ಕೊಂಬೆ ಸಮೇತ ಕಡಿದು ಕಾಯಿ ಕಿತ್ತರು. ಅದರ ಸತ್ವವನ್ನು 1998ರಲ್ಲೇ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷಿಸಿದ್ದರು. ಸುಳ್ಳು ಗುಳಿಗೆ ತಿಂದವರಿಗಿಂತ ಒಂದು ಗ್ರಾಮೂ ಜಾಸ್ತಿ ಲಾಭ ಆಗಲಿಲ್ಲ. ಅದೂ ಹೋಗಲಿ, ಕೆಲಸ ಮಾಡುವ ಮಾತ್ರೆ ಇನ್ನೂ ಭಯ. ಸಿಬುಟ್ರಮಿನ್ ಅಂತ ಒಂದಿತ್ತು, ಹಸಿವು ಕಮ್ಮಿ ಮಾಡುತ್ತಿತ್ತು ನಿಜ, ಆದರೆ ಹೃದ್ರೋಗ ಇದ್ದವರಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಜಾಸ್ತಿ ಮಾಡುತ್ತೆ ಅಂತ ಗೊತ್ತಾಗಿ 2010ರಲ್ಲಿ ಯುರೋಪು, ಅಮೆರಿಕದಲ್ಲಿ ನಿಂತಿತು, ಮರುವರ್ಷ ನಮ್ಮಲ್ಲೂ ನಿಷೇಧ ಆಯಿತು. ಹರ್ಬಲ್ ಅಂತ ಮಾರುವ ಪುಡಿ, ಕ್ಯಾಪ್ಸೂಲುಗಳಲ್ಲಿ ಅದನ್ನೇ ಗುಟ್ಟಾಗಿ ಬೆರೆಸಿದ್ದು ಆಮೇಲೂ ಎಷ್ಟೋ ಸಲ ಸಿಕ್ಕಿಬಿದ್ದಿದೆ.

ಮಗ ತೂಕ ಇಳಿಸುವ ಈಗಿನ ಇಂಜೆಕ್ಷನ್, ಸೆಮಾಗ್ಲುಟೈಡ್ ವಿಷಯ ಎತ್ತಿದ. ಅದು ಹಾಗಲ್ಲ. 2023ರಲ್ಲಿ ಬಂದ ಸೆಲೆಕ್ಟ್ ಅನ್ನೋ ಅಧ್ಯಯನದಲ್ಲಿ ಹೃದ್ರೋಗ ಇರುವ, ಸಕ್ಕರೆ ಕಾಯಿಲೆ ಇಲ್ಲದ 17,604 ದಪ್ಪ ಜನರಲ್ಲಿ ಸೆಮಾಗ್ಲುಟೈಡ್ ತಗೊಂಡವರಿಗೆ ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹೃದಯದ ಸಾವು ಒಟ್ಟು ಶೇ. 20ರಷ್ಟು ಕಮ್ಮಿ ಆಗಿತ್ತು. ಡಾಕ್ಟ್ರ ಹತ್ತಿರ ಕೇಳಿದೆ. ಆಗಲೇ ತೂಕ ಇಳಿಯಲು ಶುರುವಾಗಿತ್ತು, "ನಿಂತುಹೋದರೆ ನೋಡೋಣ" ಅಂದರು. ನನ್ನ ಜೇಬೂ ಅದನ್ನೇ ಹೇಳಿತು.

ಇಳಿಯಿತು ಅಂದೆನಲ್ಲ, ನಿಧಾನಕ್ಕೆ. ತಿಂಗಳಿಗೆ ಮುಕ್ಕಾಲು ಕಿಲೋ, ಕೆಲವು ತಿಂಗಳು ಏನೂ ಇಲ್ಲ. ಹದಿನಾಲ್ಕು ತಿಂಗಳಲ್ಲಿ 88ರಿಂದ 79. ಒಂದು ಬೆಳಿಗ್ಗೆ ಗೇಟಿನ ಹತ್ತಿರ ಬಗ್ಗಿ ಪೇಪರ್ ಎತ್ತಿಕೊಂಡು ನೆಟ್ಟಗಾದೆ, ಲೋಕವೆಲ್ಲ ಬೆಳ್ಳಗಾಯಿತು. ಗೇಟು ಹಿಡಿದುಕೊಂಡೆ. ಬೀಪಿ 98/60. ಮತ್ತೆ ಬ್ಲಾಕ್ ಆಯಿತೇನೋ ಅಂತ ಕೈಕಾಲು ತಣ್ಣಗಾದರೆ, ಡಾಕ್ಟ್ರು ನಕ್ಕರು. 86 ಕಿಲೋ ಮನುಷ್ಯನಿಗೆ ಬರೆದ ಡೋಸು, ಈಗ ಅಷ್ಟು ಮನುಷ್ಯ ಇಲ್ಲ! ಟೆಲ್ಮಿಸಾರ್ಟನ್ 40 ಇದ್ದದ್ದು 20 ಆಯಿತು. ಎಷ್ಟು ಖುಷಿ ಆಯಿತು ಅಂದರೆ ಆ ಹಳೇ ಚೀಟಿಯನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಆದರೆ ಅರ್ಧ ಮಾಡಿದ್ದು ಅವರು, ನಾನಲ್ಲ. ಡೋಲಿನ ರಾತ್ರಿ ಮರೆತಿಲ್ಲ.

ಇನ್ನು ಅಮ್ಮ. ಕಳೆದ ವರ್ಷ ಅವಳ ಕಾಲು ಊದಿ, ಮಲಗಿದರೆ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿಸಿದೆವು. ಹೃದಯದ ಪಂಪಿಂಗ್ ಕಮ್ಮಿ, ಶೇ. 35 ಅಂದರು. ಮೈಯಲ್ಲಿ ನಿಂತ ನೀರನ್ನು ಮೂತ್ರದಲ್ಲಿ ಹೊರಹಾಕುವ ನೀರಿನ ಮಾತ್ರೆ ಶುರುವಾಯಿತು. ಒಂದೇ ವಾರದಲ್ಲಿ 4 ಕಿಲೋ ಇಳಿದಳು. ನಾನು ಐದಾರು ತಿಂಗಳು ಮಗ್ಗಿ ಹೇಳಿ ಇಳಿಸಿದ್ದನ್ನು ಅವಳು ಮಂಚದ ಮೇಲೆ ಕೂತೇ ಇಳಿಸಿದಳು ಅಂತ ಮನೆಯಲ್ಲೆಲ್ಲ ಹಾಸ್ಯ. ಮನೆಗೆ ಬಂದ ಮೇಲೆ ಸ್ವಲ್ಪ ಸ್ವಲ್ಪ ತೂಕ ಏರಿತು. ನಾನು "ಒಳ್ಳೇದಾಯ್ತು, ಮೈ ಕೈ ತುಂಬ್ತಾ ಇದ್ದೀಯಾ" ಅಂದೆ. ಮೂರು ದಿನದಲ್ಲಿ ಎರಡು ಕಿಲೋ. ಮೈ ತುಂಬಿದ್ದಲ್ಲ ಅದು, ನೀರು ತುಂಬಿದ್ದು. ಊಟ ಎಷ್ಟೇ ಮಾಡಲಿ, ಮೂರು ದಿನದಲ್ಲಿ ಎರಡು ಕಿಲೋ ಕೊಬ್ಬು ಯಾರಿಗೂ ಬರೋದಿಲ್ಲ. ಅಷ್ಟು ಏರಿದರೆ ಉಸಿರು ಕಟ್ಟುವವರೆಗೆ ಕಾಯದೆ ಫೋನ್ ಮಾಡಿ ಅಂತ ಅಲ್ಲಿನ ನರ್ಸಮ್ಮ ಡಿಸ್ಚಾರ್ಜ್ ದಿನವೇ ಹೇಳಿದ್ದರು. ನಾನು ಬಿಲ್ಲು ಕಟ್ಟುವ ಗಡಿಬಿಡಿಯಲ್ಲಿ ತಲೆ ಆಡಿಸಿದ್ದೆ.

ಆವತ್ತಿನಿಂದ ಕ್ಯಾಲೆಂಡರಿನಲ್ಲಿ ಎರಡು ಬಣ್ಣ. ನನ್ನದು ನೀಲಿ, ಅದನ್ನು ತಿಂಗಳಿಗೊಮ್ಮೆ ನೋಡಿದರೆ ಸಾಕು, ದಿನಾ ಅರ್ಧ ಕಿಲೋ ಆಚೆ ಈಚೆ ಆದರೆ ತಲೆ ಕೆಡಿಸಿಕೊಳ್ಳಬಾರದು. ಅಮ್ಮನದು ಕೆಂಪು, ಅದನ್ನು ದಿನಾ ನೋಡಲೇಬೇಕು.

ಇವತ್ತು ಬೆಳಿಗ್ಗೆ ನೀಲಿ 78.4, ಕೆಂಪು 51.2. ಅಮ್ಮನಿಗೆ ನಿನ್ನೆಗಿಂತ ಇನ್ನೂರು ಗ್ರಾಂ ಕಮ್ಮಿ. ಕೆಳಗಿಳಿದು ಸೆರಗು ಸರಿ ಮಾಡಿಕೊಂಡು ಕೇಳಿದಳು: "ಹಂಗಾದ್ರೆ ಇವತ್ತು ಒಂದು ಮಿಡಿ ಹಾಕ್ತೀಯಾ ತಮಾ?" ಇವತ್ತು ಮಂಗಳವಾರ.