ಮಳೆಯನ್ನು ಕೇಳಿ ಹೊರಡ್ತೀರಾ?

"ನಿಮ್ಮೂರಿಂದ ಬಂದರಿಗೆ ಎಷ್ಟು ಹೊತ್ತು?" ಮಾಲ್ಮೊದ ಪಕ್ಕದ ಮನೆ ಹುಡುಗಿ ಕೇಳಿದಳು. ಹಾಸನದಿಂದ ಮಂಗಳೂರಿಗೆ ನಾಲ್ಕು ಗಂಟೆ, ಮಳೆಗಾಲದಲ್ಲಿ ಹೇಳೋಕಾಗಲ್ಲ ಎಂದೆ. "ಹಾಗಾದ್ರೆ ಮಳೆಯನ್ನು ಕೇಳಿ ಹೊರಡ್ತೀರಾ?" ಅವಳು ಗೇಲಿ ಮಾಡಲಿಲ್ಲ. ಅದಕ್ಕೇ ಚುಚ್ಚಿತು.

ಅವಳಮ್ಮ ಸ್ವೀಡನ್ನಿನ ಈ ಊರಿಂದ ದಿನಾ ಡೆನ್ಮಾರ್ಕಿನ ಕೋಪನ್‌ಹೇಗನ್ನಿಗೆ ಕೆಲಸಕ್ಕೆ ಹೋಗಿಬರುತ್ತಾರೆ. ಎರಡು ದೇಶಗಳ ನಡುವಿನ ಸಮುದ್ರ ದಾಟಿಸುವುದು 2000ದ ಜುಲೈ 1ರಂದು ತೆರೆದ ಒರೆಸುಂಡ್ ದಾರಿ: ಸುಮಾರು 8 ಕಿ.ಮೀ. ಸೇತುವೆ, 4 ಕಿ.ಮೀ. ಕೃತಕ ದ್ವೀಪ, 4 ಕಿ.ಮೀ. ಸುರಂಗ. ಕಷ್ಟ ಇದ್ದದ್ದು ಕಾಂಕ್ರೀಟಿನಾಚೆ. ಸ್ವೀಡನ್ನಿನ ರೈಲು ತಂತಿಯಲ್ಲಿ 15 ಕಿಲೋವೋಲ್ಟ್, ಡೆನ್ಮಾರ್ಕಿನಲ್ಲಿ 25. ಇಲ್ಲಿ ರೈಲು ಎಡಕ್ಕೆ, ಆಚೆ ಬಲಕ್ಕೆ. ಎರಡೂ ಕರೆಂಟಿಗೆ ಒಗ್ಗುವ ರೈಲು ಮಾಡಿಸಿಕೊಂಡರು. ವಿದ್ಯುತ್ ಬದಲಾಗುವ ಜಾಗದಲ್ಲಿ ಬೋಗಿಯ ಫ್ಯಾನಿನ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಗುತ್ತದೆ.

ದುಡ್ಡಿನ ಗಂಟು ಇನ್ನೂ ಬಿಗಿ. ಸಂಬಳದ ತೆರಿಗೆ ಡೆನ್ಮಾರ್ಕಿಗೆ, ಮಗುವಿನ ಶಾಲೆಯ ಖರ್ಚು ಮಾಲ್ಮೊಗೆ. ಹಾಗಾಗಿ ಒಪ್ಪಂದದಂತೆ ಡೆನ್ಮಾರ್ಕ್ ಸ್ವೀಡನ್ನಿಗೆ ಪರಿಹಾರ ಕೊಡುತ್ತದೆ. ಮನೆಯಿಂದ ಮಾಡುವ ಕೆಲಸ ಶೇ. 25 ಮುಟ್ಟಿದರೆ, ವಿನಾಯಿತಿ ಪಡೆಯದಿದ್ದರೆ, ಸಾಮಾಜಿಕ ವಿಮೆ ಸ್ವೀಡನ್ನಿಗೆ ಬೀಳುತ್ತದೆ, ಡೆನ್ಮಾರ್ಕಿನ ಕಂಪನಿ ಇಲ್ಲಿ ಕಂತು ಕಟ್ಟಬೇಕು. ಇಂಥ ತೊಡಕುಗಳನ್ನು ಎರಡೂ ಸರ್ಕಾರಗಳ ಮುಂದಿಡಲು 85 ಸ್ಥಳೀಯ ಆಡಳಿತಗಳು, ನಾಲ್ಕು ಪ್ರಾಂತ್ಯಗಳು ಸೇರಿದ ಒಂದೇ ಸಮಿತಿ ಇದೆ.

ನಮ್ಮಲ್ಲಿ ಸಕಲೇಶಪುರ, ಮೂಡಿಗೆರೆಯ ಕಾಫಿ ಹಾಸನದ ಕ್ಯೂರಿಂಗ್‌ನಲ್ಲಿ (ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಕಾರ್ಖಾನೆ) ಸಿದ್ಧವಾಗಿ ಮಂಗಳೂರಿನಲ್ಲಿ ಹಡಗು ಹತ್ತುತ್ತದೆ. 60 ಕೆ.ಜಿ.ಯ 320 ಚೀಲ ಅಂದರೆ ಇಪ್ಪತ್ತಡಿ ಕಂಟೇನರಿಗೆ 19.2 ಟನ್. ಶಿರಾಡಿ ಘಾಟಿ ಕುಸಿದರೆ ಆ ಟ್ರೇಲರ್ ಚಾರ್ಮಾಡಿಯ ತಿರುವುಗಳಲ್ಲಿ ತಿರುಗದು. ಹಡಗು ತಪ್ಪಿತು, ಕಂಟೇನರ್ ನಿಂತಿತು, ಒಳಗಿನ ತಗಡು ಬೆವರಿತು ಅನ್ನಿ: ತೇವಾಂಶ ಶೇ. 10-11ಕ್ಕೆ ಇಳಿಯುವಂತೆ ಒಣಗಿಸಿದ ಬೀಜ ಮತ್ತೆ ತೇವ ಹೀರಿ ಬಿಳಿಚಿಕೊಳ್ಳುತ್ತದೆ, ಮುಗ್ಗಲು ವಾಸನೆ ಹಿಡಿಯುತ್ತದೆ. ಇಟಲಿಯ ಖರೀದಿದಾರ ಅದರ ಮೇಲೆ ಬೆಲೆ ಇಳಿಸುತ್ತಾನೆ. ರಫ್ತಿನ ಲೆಕ್ಕ ಬಂದರಿನದು, ಲಾರಿಗಳು ಸವೆಸಿದ ರಸ್ತೆ ಸಕಲೇಶಪುರದ್ದು. ಹಾಸನ, ಚಿಕ್ಕಮಗಳೂರು, ದಕ್ಷಿಣ ಕನ್ನಡ ಒಂದೇ ಮೇಜಿಗೆ ಕೂತು, ಘಾಟಿ ಮುಚ್ಚಿದ ದಿನಗಳಿಗೆ ಹಾಸನದಿಂದ ಕಂಟೇನರ್ ರೈಲು ಗೊತ್ತುಮಾಡಿಕೊಂಡರೆ ಅರ್ಧ ನಷ್ಟ ತಪ್ಪೀತು. ಗುಡ್ಡ ರೈಲನ್ನೂ ನಿಲ್ಲಿಸುತ್ತದೆ ನಿಜ, ಆದರೆ ಎರಡು ದಾರಿ ಇದ್ದಾಗ ಒಂದಾದರೂ ಉಳಿದೀತು. ಕೂಡಿ ಮಾಡುವುದು ನಮಗೆ ಹೊಸದೂ ಅಲ್ಲ. 1996ರಲ್ಲಿ ಮುಚ್ಚಿದ ಹಾಸನ-ಮಂಗಳೂರು ಮೀಟರ್‌ಗೇಜ್ ರೈಲುದಾರಿಯನ್ನು ರಾಜ್ಯ, ರೈಲ್ವೆ ಸೇರಿ ಕಟ್ಟಿದ ಕಂಪನಿಯೇ ಬ್ರಾಡ್‌ಗೇಜ್ ಮಾಡಿತು. 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲು ಮರಳಿತು.

ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ 55 ಕಿ.ಮೀ.ಯಲ್ಲಿ 57 ಸುರಂಗ ಕೊರೆದಿದ್ದೇವೆ ಎಂದಾಗ ಹುಡುಗಿ ಕಣ್ಣರಳಿಸಿದಳು.

"ಹಾಗಾದ್ರೆ ಕಾಫಿ ರೈಲಲ್ಲೇ ಹೋಗುತ್ತೆ ಅಲ್ವಾ?"

ಇಲ್ಲ, ಬಹುಪಾಲು ಲಾರಿಯಲ್ಲಿ.