ಅಳಿಸಿದ ಹೆಸರು

ಅವತ್ತು ಸಂಜೆ ಆರಕ್ಕೆ ನಮ್ಮ ವಯಲಿನ್ ಕ್ಲಾಸಿನ ಮಕ್ಕಳ ಕಾರ್ಯಕ್ರಮ. ಬೆಂಗಳೂರಿನ ಕಂಟೋನ್ಮೆಂಟ್ ಕಡೆಯ ಒಂದು ಚರ್ಚ್ ಹಾಲಿನಲ್ಲಿ. ಬೆಳಿಗ್ಗೆ ಮಿಸ್ ಫೋನ್ ಮಾಡಿ, "ಸೆರೆನೇಡ್ ಬಗ್ಗೆ ಎರಡು ಸಾಲು ಬರೆದುಕೊಡಪ್ಪಾ, ಶುರುವಿನಲ್ಲಿ ಓದೋಣ" ಅಂದರು.

ಅದು ನನ್ನ ಹನ್ನೆರಡನೇ ವಯಸ್ಸಿನಿಂದ ಕೈಯಲ್ಲಿ ಕೂತಿರುವ ತುಣುಕು. ನಾಲ್ಕು ತಂತಿವಾದ್ಯಗಳಿಗೆ ಬರೆದ ಆರು ಕ್ವಾರ್ಟೆಟ್‌ಗಳಲ್ಲಿ ಒಂದರದ್ದು. ಮೊದಲ ವಯಲಿನ್ ಮ್ಯೂಟ್ ಹಾಕಿಕೊಂಡು ಮೆಲ್ಲಗೆ ಹಾಡುತ್ತದೆ. ಉಳಿದ ಮೂರು ವಾದ್ಯಗಳು ತಂತಿ ಮೀಟುತ್ತಾ ಜೊತೆಗಿರುತ್ತವೆ, ಅಷ್ಟೇ. ಹಾಳೆಯ ಮೇಲೆ ಹೇಡನ್ ಅಂತಿದೆ, ಹದಿನೆಂಟನೇ ಶತಮಾನದ ಆಸ್ಟ್ರಿಯಾದ ದೊಡ್ಡ ಸಂಗೀತ ರಚನೆಕಾರರು. ಹಾಗೇ ಬರೆದೆ. ಇಸವಿ ಸೇರಿಸೋಣ ಅಂತ ಹುಡುಕಿದರೆ, ಹೆಸರೇ ತಪ್ಪು!

ಎಚ್. ಸಿ. ರಾಬಿನ್ಸ್ ಲ್ಯಾಂಡನ್ ಅಂತ ಒಬ್ಬರು ಸಂಗೀತ ಸಂಶೋಧಕರು. 1926ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದವರು. ಹೇಡನ್ ಸಂಗೀತಕ್ಕೇ ಜೀವನ ಕೊಟ್ಟವರು. 1949ರಲ್ಲಿ ಹೇಡನ್ ಸೊಸೈಟಿ ಕಟ್ಟಿದರು, 104 ಸಿಂಫನಿಗಳ ಸ್ಕೋರ್‌ಗಳನ್ನು ತಿದ್ದಿ ಅಚ್ಚು ಹಾಕಿಸಿದರು, ಐದು ದಪ್ಪ ಸಂಪುಟಗಳಲ್ಲಿ ಹೇಡನ್ ಜೀವನ ಬರೆದರು. 1964ರಲ್ಲಿ ಅವರೂ ಇನ್ನೊಬ್ಬ ಸಂಶೋಧಕರಾದ ಅಲನ್ ಟೈಸನ್ನರೂ ಸೇರಿ ಈ ಆರು ಕ್ವಾರ್ಟೆಟ್‌ಗಳ ಪ್ಯಾರಿಸ್ ಮುದ್ರಣವನ್ನು ಇಂಚಿಂಚೂ ನೋಡಿದರು. ಮೊದಲೆರಡು ಕ್ವಾರ್ಟೆಟ್‌ಗಳ ಮೇಲೆ ಹಿಂದೆ ಕೆತ್ತಿ ಅಳಿಸಿದ್ದ ಒಂದು ಹೆಸರು ಮಸುಕಾಗಿ ಉಳಿದಿತ್ತು: ಹಾಫ್‌ಶ್ಟೆಟರ್. ಜರ್ಮನಿಯ ಆಮೋರ್ಬಾಖ್ ಮಠದ ಒಬ್ಬ ಸನ್ಯಾಸಿ. ಹೇಡನ್ ಹೆಸರಿದ್ದರೆ ಆಗ ಜಾಸ್ತಿ ಮಾರಾಟವಾಗುತ್ತಿತ್ತು. ಹೇಡನ್ ಬದುಕಿದ್ದಾಗಲೇ ಅವರ ಶಿಷ್ಯ ಪ್ಲೇಯೆಲ್ ಕೂಡ ಈ ಆರನ್ನೂ ಗುರುಗಳ ಕ್ವಾರ್ಟೆಟ್‌ಗಳ ಜೊತೆ ಅಚ್ಚು ಹಾಕಿಬಿಟ್ಟರು. ಮತ್ತೆ ಯಾರು ತಾನೇ ಅನುಮಾನಪಡುತ್ತಾರೆ?

ನನಗೆ ಒಂಥರಾ ಸಂಕಟವಾಯಿತು. ಇಷ್ಟು ವರ್ಷ ಆ ಮನುಷ್ಯನ ರಾಗ ನುಡಿಸಿದ್ದೇನೆ, ಒಂದು ಸಲವೂ ಅವನ ಹೆಸರು ಹೇಳಿಲ್ಲ.

ಇದೇ ಲ್ಯಾಂಡನ್ 1993ರಲ್ಲಿ, ಕಳೆದುಹೋಗಿದ್ದ ಆರು ಹೇಡನ್ ಸೊನಾಟಾ ಸಿಕ್ಕಿವೆ ಎಂದು ನಂಬಿದರು. ಅವು ನಕಲಿ. ಅದನ್ನು ಓದಿದ ಮೇಲೂ ನನಗೆ ಅವರ ಮೇಲಿನ ಗೌರವ ಕಡಿಮೆಯಾಗಲಿಲ್ಲ. ಕಳೆದುಹೋದದ್ದು ಸಿಗಲಿ ಅಂತ ಜೀವಮಾನವೆಲ್ಲ ಕಾದವರು ನಂಬದೇ ಇರೋದು ಕಷ್ಟ ಅಲ್ವಾ?

ಐದೂವರೆಗೆ ಹಾಲ್ ತಲುಪಿ ಮಿಸ್‌ಗೆ ಎಲ್ಲ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಅಂಚು ಹರಿದು ಟೇಪ್ ಅಂಟಿಸಿದ್ದ ತಮ್ಮ ಹಳೇ ಹಾಳೆ ತೆಗೆದರು, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ಕೈಗೆ ತಗೊಂಡರು.

"ಸ್ಪೆಲ್ಲಿಂಗ್ ಹೇಳಪ್ಪಾ," ಅಂದರು.