ಹಳೆಯ ಹಡಗಿನಲ್ಲಿ ತುಕ್ಕು ಅಡಗುವ ಜಾಗಗಳು

ಇಪ್ಪತ್ತು ವರ್ಷ ದಾಟಿದ ಹಡಗಿನ ಹೊರಮೈಗೆ ಹೊಸ ಬಣ್ಣ ಬಿದ್ದಿದೆ ಎಂದು ಯಾವ ತೀರ್ಮಾನಕ್ಕೂ ಬರಬಾರದು. ಮೊದಲು ಇಳಿಯಬೇಕಾದ್ದು ಬ್ಯಾಲಾಸ್ಟ್ ಟ್ಯಾಂಕಿಗೆ. ಹಡಗಿನ ಸಮತೋಲಕ್ಕಾಗಿ ಸಮುದ್ರದ ನೀರು ತುಂಬುವುದು, ಖಾಲಿ ಮಾಡುವುದು ನಡೆದೇ ಇರುವ ಜಾಗ ಅದು. ಪಕ್ಕದಲ್ಲಿ ಬಿಸಿ ಇಂಧನದ ಟ್ಯಾಂಕ್ ಇದ್ದರೆ ನಡುವಿನ ಗೋಡೆ ಇನ್ನೂ ಬೇಗ ಸವೆಯುತ್ತದೆ.

ತುಕ್ಕು ಹಿಡಿಯುವಾಗ ಉಕ್ಕು ಗಾಳಿಯ ಆಮ್ಲಜನಕವನ್ನು ನುಂಗುತ್ತದೆ. ಮುಚ್ಚಿಟ್ಟ ಟ್ಯಾಂಕಿನೊಳಗೆ ಹಾಗೇ ಇಳಿದವರು ಮೆಟ್ಟಿಲ ಮೇಲೆಯೇ ಕುಸಿದುಬೀಳಬಹುದು. ಫ್ಯಾನಿನಿಂದ ಗಾಳಿಯಾಡಿಸಿ, ಮೇಲೆ, ನಡುವೆ, ತಳದಲ್ಲಿ ಅಳೆದು ಎಲ್ಲ ಕಡೆ ಆಮ್ಲಜನಕ 21% ಬಂದ ಮೇಲೆಯೇ ಇಳಿಯಿರಿ. ಬಾಯಿಯ ಬಳಿ ಒಬ್ಬರು ಕಾವಲಿರಲೇಬೇಕು.

ಒಳಗೆ, ಕೈಗೆ ಎಟುಕುವಷ್ಟು ಹತ್ತಿರ ಹೋಗಿ ನೋಡಬೇಕು; ತಳದಲ್ಲಿ ನಿಂತು ಟಾರ್ಚ್ ಬಿಟ್ಟರೆ ಸಾಲದು. ನನಗೆ ಹೆಚ್ಚು ಭಯವಿರುವುದು ವೆಲ್ಡಿಂಗ್ ಅಂಚಿನುದ್ದಕ್ಕೂ ಕಾಲುವೆಯಂತೆ ಕೊರೆಯುವ ಸವೆತದ್ದು. ಅಲೆಗೆ ಪ್ಲೇಟು ಬಾಗಿದಾಗಲೆಲ್ಲ ತುಕ್ಕಿನ ಪದರ ಬಿರಿದು ಉದುರಿ ಹಸಿ ಉಕ್ಕು ಬಯಲಾಗುತ್ತದೆ, ಅದೂ ತುಕ್ಕು ಹಿಡಿಯುತ್ತದೆ. ಪ್ಲೇಟಿನ ನಡುಭಾಗ ಗಟ್ಟಿಯಿದ್ದರೂ ಅಂಚು ಕಾಗದದಂತಾಗಿರಬಹುದು. ನೀರಿನ ಮಟ್ಟ ಅಳೆಯುವ ಕೊಳವೆಯ ಕೆಳಗೂ ಕೈಯಾಡಿಸಿ: ಅಳತೆಯ ಸರಳು ವರ್ಷಗಟ್ಟಲೆ ಒಂದೇ ಜಾಗಕ್ಕೆ ಬಡಿದು ತಳ ಗುಳಿಬಿದ್ದಿರುತ್ತದೆ.

ಪ್ಲೇಟಿನ ದಪ್ಪ ಅಳೆಯುವ ಅಲ್ಟ್ರಾಸಾನಿಕ್ ಗೇಜ್ ಇಡುವ ಮುನ್ನ ತುಕ್ಕಿನ ಹೆಕ್ಕಳಿಕೆಯನ್ನು ಕೆರೆದು ತೆಗೆಯಬೇಕು. ಮೂಲ ದಪ್ಪ 12 ಮಿ.ಮೀ., ಅನುಮತಿಸಿದ ಸವೆತ 20% ಎಂದಿಟ್ಟುಕೊಳ್ಳಿ, ಮಿತಿ 2.4 ಮಿ.ಮೀ. ಆಗುತ್ತದೆ. ಸವೆತ ಅದರ ಮುಕ್ಕಾಲು ಭಾಗ, ಅಂದರೆ 1.8 ಮಿ.ಮೀ. ದಾಟಿದಲ್ಲಿ ಸುತ್ತಲೂ ಇನ್ನಷ್ಟು ಒತ್ತಾಗಿ ಅಳೆಯಬೇಕು. ಸವೆದದ್ದರ ಮೇಲೆ ಇನ್ನೊಂದು ಪ್ಲೇಟು ಹೊದಿಸುವುದು ಬಂದರು ಸೇರುವವರೆಗಿನ ಉಪಾಯ ಮಾತ್ರ. ಸರಿಯಾದ ರಿಪೇರಿಯೆಂದರೆ ಕೆಟ್ಟ ಭಾಗ ಕತ್ತರಿಸಿ, ಅದೇ ದರ್ಜೆಯ ಉಕ್ಕನ್ನು ಮೂಲೆಗಳನ್ನು ಗುಂಡಗೆ ಮಾಡಿ ಕೂರಿಸುವುದು. ಚೂಪು ಮೂಲೆಯಿಂದಲೇ ಬಿರುಕು ಹೊರಡುತ್ತದೆ.

ಸರಕು ಹಡಗಿನಲ್ಲಿ ನೀರು ಒಳನುಗ್ಗುವ ಇನ್ನೊಂದು ದಾರಿ ಹ್ಯಾಚ್ ಕವರ್, ಅಂದರೆ ಸರಕಿನ ಕೋಣೆಯ ಮೇಲಿನ ಮುಚ್ಚಳ. ಅದರ ಅಂಚಿನ ರಬ್ಬರಿಗೆ ಎದುರಾಗುವ ಉಕ್ಕಿನ ಪಟ್ಟಿಗೆ ಸೀಮೆಸುಣ್ಣ ಬಳಿದು, ಮುಚ್ಚಿ ತೆರೆದರೆ ರಬ್ಬರಿನ ಮೇಲೆ ಗೆರೆ ಮೂಡುತ್ತದೆ. ಗೆರೆ ಕಡಿದಲ್ಲಿ ಸಂದು ಇದೆ. ಗೆರೆ ಪೂರ್ತಿಯಿದ್ದರೂ ಒತ್ತಡ ಸಾಕಷ್ಟಿದೆ ಎನ್ನಲಾಗದು. ಅದಕ್ಕೆ ಅಲ್ಟ್ರಾಸಾನಿಕ್ ಪರೀಕ್ಷೆಯೇ ಬೇಕು. ಬರೀ ರಬ್ಬರ್ ಬದಲಿಸಿದರೂ ಪ್ರಯೋಜನವಿಲ್ಲ. ಕವರಿನ ಭಾರ ಹೊರುವ ಉಕ್ಕಿನ ಪ್ಯಾಡ್‌ಗಳು ಸವೆದಿದ್ದರೆ ಆ ಭಾರವೆಲ್ಲ ಹೊಸ ರಬ್ಬರಿನ ಮೇಲೆ ಬಿದ್ದು, ಅದೂ ಚಪ್ಪಟೆಯಾಗುತ್ತದೆ.

ವಾಹನ ಸಾಗಿಸುವ ಪ್ರಯಾಣಿಕರ ಹಡಗಿನಲ್ಲಿ ಇದೇ ಗಮನ ಮುಂಬಾಗಿಲಿಗೆ ಸಲ್ಲಬೇಕು. 1994ರಲ್ಲಿ ಬಾಲ್ಟಿಕ್ ಸಮುದ್ರದಲ್ಲಿ ಎಸ್ಟೋನಿಯಾ ಹಡಗಿನ ಮುಂಭಾಗದ ಮುಸುಕಿನ (ಮೇಲಕ್ಕೆತ್ತುವ ಹೊರ ಮುಂಬಾಗಿಲಿನ) ಬೀಗಗಳು ಅಲೆಗಳ ಹೊಡೆತಕ್ಕೆ ಮುರಿದು, ನೀರು ನುಗ್ಗಿ ಹಡಗು ಮುಳುಗಿ 852 ಮಂದಿ ಸತ್ತರು. ಬಾಗಿಲಿನ ಕೀಲು, ಪಿನ್ನು, ಬೀಗಗಳ ಸವೆತವನ್ನು ಅಳೆದು ಹಿಂದಿನ ದಾಖಲೆಯ ಜೊತೆ ಹೋಲಿಸಿ. ಹಡಗು ನಡೆಸುವ ಕೋಣೆಯ (ಬ್ರಿಡ್ಜ್) ದೀಪ 'ಮುಚ್ಚಿದೆ' ಎಂದು ತೋರಿಸಿದಾಗ ಬೀಗ ನಿಜಕ್ಕೂ ಕೂತಿದೆಯೇ ಎಂದು ಬಾಗಿಲ ಬಳಿಯೇ ನಿಂತು ನೋಡಿ.